ಗೊಂಬೆಯೇ ಅಲ್ಲಿ ಔಷಧಿ

ಮನೆಯ ಜಗಳ ಕಂಡೋ ಹತ್ತಿರದವರ ಸಾವು ಕಂಡೋ ಬೆದರಿದ ಮಗು ಮಾತು ಕಡಿಮೆ ಮಾಡಿದರೆ, ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ ನಮ್ಮಲ್ಲಿ ಹಲವರಿಗೆ ಮೊದಲು ನೆನಪಾಗುವುದು ತಾಯತ. ತಿಲಕನಗರ, ಗುರಪ್ಪನಪಾಳ್ಯದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ಎಷ್ಟು ದೂರ? ಅಲ್ಲಿ ಮಕ್ಕಳಿಗೆಂದೇ ಮನೋವೈದ್ಯಕೀಯ ವಿಭಾಗವಿದೆ. ಆದರೂ ಹೋಗಲು ಸಂಕೋಚ. ಯಾವುದಾದರೂ ಆಸ್ಪತ್ರೆಗೆ ಹೋದವರಲ್ಲೂ ಕೆಲವರು ‘ಮಾತ್ರೆ ಕೊಡಲಿಲ್ಲ, ಗೊಂಬೆ ಕೊಟ್ಟು ಆಡಿಸಿದರು’ ಎಂದು ಅರ್ಧಕ್ಕೇ ಬಿಡುತ್ತಾರೆ.

ಬಾಯಲ್ಲಿ ಹೇಳಲಾಗದ ಭಯವನ್ನು ಮಗು ಗೊಂಬೆಯ ಮೂಲಕ ಹೇಳುತ್ತದೆ. 2005ರಲ್ಲಿ ಅಮೆರಿಕದ ಸ್ಯೂ ಬ್ರಾಟನ್ ಮತ್ತು ಸಂಗಡಿಗರು 93 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಆಟದ ಚಿಕಿತ್ಸೆ ಪಡೆದ ಮಕ್ಕಳು ಪಡೆಯದವರಿಗಿಂತ ಸ್ಪಷ್ಟವಾಗಿ ಸುಧಾರಿಸಿದ್ದರು. ಆ ಅಧ್ಯಯನಗಳೆಲ್ಲ ಒಂದೇ ಗುಣಮಟ್ಟದವಲ್ಲ, ನಿಜ. ಆದರೆ ನನಗೆ ಮುಖ್ಯವೆನಿಸಿದ್ದು ಬೇರೆ: ತರಬೇತಿ ಪಡೆದು ಹೆತ್ತವರೇ ಆಡಿಸಿದಾಗ ಫಲ ಇನ್ನೂ ಹೆಚ್ಚಿತ್ತು. 2001ರ ಇನ್ನೊಂದು ಪರಿಶೀಲನೆಯಲ್ಲಿ 30–35 ಭೇಟಿಗಳ ಹೊತ್ತಿಗೆ ಅತಿ ಹೆಚ್ಚು ಗುಣ ಕಂಡಿತ್ತು. ನಾವು ಮೂರನೆಯದಕ್ಕೇ ಸುಸ್ತು!

ಇದು ನಮಗೆ ಅಪರಿಚಿತವೇನಲ್ಲ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಆಡುತ್ತಿದ್ದ ಹಕ್ಕಿ ಸತ್ತಾಗ ಪ್ರವಾದಿವರ್ಯರು(ಸ) ಆ ಹಕ್ಕಿಯ ಬಗ್ಗೆಯೇ ಕೇಳಿ ಅವನನ್ನು ಮಾತನಾಡಿಸಿದ್ದರು. ನಾವು ತಂದೆಯಂದಿರು ಅಂಗಡಿ ಮುಚ್ಚಿ ಬಂದು ಮಗುವಿನ ಕೈಗೆ ಮೊಬೈಲ್ ಕೊಡುತ್ತೇವೆ. ಚಿಕಿತ್ಸಕರು ‘ನೀವೂ ಕೆಳಗೆ ಕುಳಿತು ಆಡಿ’ ಎಂದರೆ ಆ ಕೆಲಸ ತಾಯಿಗೆ.

ಆಸ್ಪತ್ರೆಗೆ ಹೋಗಲು ಇನ್ನೂ ಸಂಕೋಚವಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಿ.