ಓದಿದ ಮೇಲೂ ಚರಂಡಿಯೇ?

ಸಭೆ ಮುಗಿದ ಮೇಲೆ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ ನಮ್ಮ ಹುಡುಗ ಹುಡುಗಿಯರು ಹತ್ತಿರ ಬಂದು ಕೇಳುತ್ತಾರೆ: 'ಅಣ್ಣಾ, ನಾವು ಓದಿದ್ದಕ್ಕೆ ಎಲ್ಲಿ ಕೆಲಸ ಸಿಗುತ್ತೆ?' ಇದಕ್ಕೆ ನಾವು ಇದುವರೆಗೆ ಭಾಷಣ ಕೊಟ್ಟಿದ್ದೇವೆಯೇ ಹೊರತು ಉತ್ತರ ಕೊಟ್ಟಿಲ್ಲ. ತಪ್ಪು ನಮ್ಮದು.

ಪರಿಸರದ ಕೆಲಸಕ್ಕೆ ಈ ನಾಡಿನಲ್ಲಿ ಎಂದೂ ಬರವಿರಲಿಲ್ಲ. ಬೀದಿ ಗುಡಿಸೋದು, ಸತ್ತ ದನ ಎಳೆಯೋದು, ಕಕ್ಕಸು ಬಳಿಯೋದು, ಮ್ಯಾನ್‌ಹೋಲಿಗೆ ಇಳಿಯೋದು. ಇದಕ್ಕೆಲ್ಲ ನಮ್ಮಪ್ಪಂದಿರ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ, ಜಾತಿ ಒಂದೇ ಸಾಕಾಯಿತು. ಇಲ್ಲಿ ತಲೆ ಮೇಲೆ ಮಲ ಹೊರಬಾರದು ಎಂದು ಹೇಳುವುದಕ್ಕೆ 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. 1993ರಲ್ಲಿ ಒಂದು ಕಾನೂನಾಯಿತು, 2013ರಲ್ಲಿ ಇನ್ನೊಂದು. ಗುಂಡಿಗಿಳಿದು ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಇಳಿಯೋದು ಮಾತ್ರ ನಿಂತಿಲ್ಲ. ಅಪ್ಪಂದಿರ ಉಸಿರು ಕಟ್ಟಿಸಿದ ಆ ಗಾಳಿಯ ಹೆಸರು ಹೈಡ್ರೋಜನ್ ಸಲ್ಫೈಡ್ ಎಂದು ಮಕ್ಕಳು ಕಲಿತು ಬಂದಿದ್ದಾರೆ. ಈಗ ಸರ್ಟಿಫಿಕೇಟ್ ಇದೆ, ಹುದ್ದೆ ಇಲ್ಲವಂತೆ!

ನಮಗೆ ಗೊತ್ತಿರುವ ಹುಡುಗನೊಬ್ಬ ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ಸಂದರ್ಶನಕ್ಕೆ ಹೋದ. ನೀರಿನ ಪರೀಕ್ಷೆ ಬಗ್ಗೆ ಕೇಳುವ ಮುಂಚೆ, 'ನಿಮ್ಮೂರಲ್ಲಿ ಮನೆ ಯಾವ ಬೀದೀಲಿ?' ಅಂದರಂತೆ. ಕೆಲಸವೇನೋ ಕೊಟ್ಟರು. ಕಾರ್ಖಾನೆಗಳ ಕೊಳಚೆಗೆ ಇಳಿದು ಬಾಟಲಿ ತುಂಬಿ ತರೋದು ಇವನು. ಅದೇ ಡಿಗ್ರಿಯ, ಇವನ ಜೊತೆಗೇ ಸೇರಿದ ಇನ್ನೊಬ್ಬ ಫ್ಯಾನಿನ ಕೆಳಗೆ ಕೂತು ರಿಪೋರ್ಟು ಬರೆಯೋದು. ಎರಡು ವರ್ಷವಾದರೂ ಇವನಿಗೆ ಯಂತ್ರ ಮುಟ್ಟಲು ಬಿಡಲಿಲ್ಲ. ಊರಿಗೆ ಹೋದಾಗ ಅವ್ವ, 'ಏನ್ಲಾ ಮಗಾ, ಅಷ್ಟೆಲ್ಲಾ ಓದಿ ಚರಂಡಿಗೇ ಹೋದ್ಯಾ?' ಅಂದಳಂತೆ. ಹುಡುಗ ಕೆಲಸ ಬಿಟ್ಟ. ಈಗ ಬಟ್ಟೆ ಅಂಗಡೀಲಿ ಲೆಕ್ಕ ಬರೀತಾನೆ.

ಇನ್ನು ಸರ್ಕಾರದ ಕತೆ. 1974ರ ಜಲ ಕಾಯಿದೆಯಿಂದ ಮಾಲಿನ್ಯ ನಿಯಂತ್ರಣ ಮಂಡಳಿ ಬಂತು, 1984ರ ಭೋಪಾಲದ ಸಾವುಗಳ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಆದರೆ ನಗರಸಭೆಯ ಪರಿಸರ ಅಭಿಯಂತರ ಹುದ್ದೆಗೆ ಎಂಜಿನಿಯರಿಂಗ್ ಪದವಿ ಬೇಕು, ಹೆಸರಲ್ಲಿ ಪರಿಸರ ಇದ್ದ ಮಾತ್ರಕ್ಕೆ ನಮ್ಮ ಎಂ.ಎಸ್ಸಿ. ನಡೆಯೋಲ್ಲ. ಫೀಸು ಕಟ್ಟಿಸಿಕೊಳ್ಳುವಾಗ ಇದನ್ನು ಯಾರೂ ಹೇಳೋದಿಲ್ಲ. ಪರಿಸರ ಪಾಠ ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು, ಆಮೇಲೆ ಪದವಿ ತರಗತಿಗೆ ಯುಜಿಸಿ ಪಠ್ಯವೂ ಬಂತು. ಎಷ್ಟೋ ಕಾಲೇಜುಗಳಲ್ಲಿ ಬೇರೆ ವಿಷಯದ ಮೇಷ್ಟ್ರು ಅದನ್ನು ಓದಿ ಮುಗಿಸ್ತಾರೆ. ಆ ಪಾಠವನ್ನು ಆ ವಿಷಯ ಓದಿದವರಿಗೇ ಕೊಡಿ ಎಂಬುದು ನಮ್ಮ ಒತ್ತಾಯ. ಕಾಲೇಜಿಗೊಂದು ಹುದ್ದೆ ಎಂದರೂ ನಮ್ಮ ಎಷ್ಟು ಮಕ್ಕಳಿಗೆ ದಾರಿಯಾಗುತ್ತೆ, ನೀವೇ ಲೆಕ್ಕ ಹಾಕಿ.

'ಹೊಟ್ಟೆಗಿಲ್ಲದವರಿಗೆ ಪರಿಸರ ಯಾಕೆ' ಎಂದು ಗೇಲಿ ಮಾಡುವ ಸಂಗಾತಿಗಳು ನಮ್ಮಲ್ಲೂ ಇದ್ದಾರೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಕೈ ಹಾಕಿದ್ದು ಕೆರೆಯ ನೀರಿಗೆ, ಮರೆಯಬೇಡಿ.

ಓದುತ್ತಿರುವವರಿಗೆ ಒಂದು ಮಾತು. ಬಿಓಡಿ, ಸಿಓಡಿ ಪರೀಕ್ಷೆಗಳನ್ನು ಕೈಯಾರೆ ಮಾಡಿ ಕಲಿಯಿರಿ. ಗ್ಲಾಸು ತೊಳೆಯೋಕೆ ಮಾತ್ರ ನಿಲ್ಲಿಸಿದರೆ ಜಗಳ ಮಾಡಿ, ಹಿಂದೆ ನಾವಿದ್ದೇವೆ. ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯ, ಅದಕ್ಕೆ ಕೂರಿ. ಗಣಿ, ಕಾರ್ಖಾನೆ, ದೊಡ್ಡ ಕಟ್ಟಡಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ವರದಿ ಬೇಕು, ಅದನ್ನು ಬರೆಯುವ ಮಾನ್ಯತೆ ಪಡೆದ ಸಂಸ್ಥೆಗಳಿವೆ. ಅಲ್ಲಿ ಮೀಸಲಾತಿ ಇಲ್ಲ, ಆದರೂ ಅರ್ಜಿ ಹಾಕಿ. ಸರ್ಕಾರಿ ಹೊರಗುತ್ತಿಗೆಯಲ್ಲಿ ಮೀಸಲಾತಿ ಪಾಲಿಸಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡಿದೆ. ಗುತ್ತಿಗೆದಾರನ ಮುಂದೆ ಆ ಆದೇಶದ ನಕಲು ಇಟ್ಟು ಮಾತಾಡಿ.

ಮುಂದಿನ ಸಭೆಗೆ ಬರುವಾಗ ನೀವು ಅರ್ಜಿ ಹಾಕಿದ ಅಧಿಸೂಚನೆಗಳನ್ನೂ ತಿರಸ್ಕಾರದ ಕಾಗದಗಳನ್ನೂ ತನ್ನಿ. ಎಷ್ಟು ಹುದ್ದೆ ಖಾಲಿ ಇವೆ, ಎಷ್ಟು ಬ್ಯಾಕ್‌ಲಾಗ್ ಉಳಿದಿದೆ, ಯಾವುದಕ್ಕೆ ಎಂ.ಎಸ್ಸಿ. ಒಪ್ಪುತ್ತಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳೋಣ. ಅರ್ಜಿ ಅಲ್ಲೇ ಕೂತು ಬರೆಯೋಣ. ಹತ್ತು ರೂಪಾಯಿ ಶುಲ್ಕ ಇಲ್ಲದವರಿಗೆ ಪತ್ರಿಕೆ ಮಾರಿದ ದುಡ್ಡಿನಲ್ಲಿ ಕಟ್ಟುತ್ತೇವೆ.