ಆರೋಗ್ಯ ಡೇಟಾ ಹುಟ್ಟೋದು ಕುಲಗೋಡದಲ್ಲಿ, ಕೆಲಸ ಸಿಗೋದು ಬೆಂಗಳೂರಲ್ಲಿ

ಹೆಲ್ತ್ ಇನ್‌ಫರ್ಮ್ಯಾಟಿಕ್ಸ್ ಕೋರ್ಸಿನ ಬ್ರೋಷರ್ ತೆರೆದರೆ ಎಐ, ಕ್ಲೌಡ್, ವಿದೇಶಿ ಪ್ಯಾಕೇಜ್ ಕಾಣ್ತವೆ. ಕಾಣದೇ ಇರೋದು ಮೂಡಲಗಿ ತಾಲೂಕಿನ ಕುಲಗೋಡದಂಥ ಊರಲ್ಲಿ ಮನೆಮನೆ ತಿರುಗಿ ಗರ್ಭಿಣಿಯರ ಲೆಕ್ಕ ಬರೆಯೋ ಆಶಾ ಕಾರ್ಯಕರ್ತೆ. ಈ ಡೇಟಾ ಹುಟ್ಟೋದೇ ಅವರ ಡೈರಿಯಲ್ಲಿ.

2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಫ್ರೀಡಂ ಪಾರ್ಕಿನ ಚಳಿಯಲ್ಲಿ ಕೂತಿದ್ದು ನೆನಪಿರಬೇಕು. 15,000 ರೂಪಾಯಿ ಗೌರವಧನದ ಜೊತೆ ಇನ್ನೊಂದು ಬೇಡಿಕೆಯೂ ಇತ್ತು: ನಮ್ಮ ಪ್ರೋತ್ಸಾಹಧನವನ್ನು ಆರ್‌ಸಿಎಚ್ ಪೋರ್ಟಲ್‌ಗೆ ಲಿಂಕ್ ಮಾಡಿದ್ದನ್ನು ತೆಗೀರಿ. ಕೆಲಸ ಆಗಿದೆ, ಎಂಟ್ರಿ ಆಗಿಲ್ಲ, ಹಾಗಾಗಿ ದುಡ್ಡಿಲ್ಲ. ನನ್ನ ಪ್ರಕಾರ ಇದು ಕರ್ನಾಟಕದ ಮೊದಲ ಇನ್‌ಫರ್ಮ್ಯಾಟಿಕ್ಸ್ ಹೋರಾಟ, ಹಾಗಂತ ಯಾರೂ ಕರೆಯಲಿಲ್ಲ ಅಷ್ಟೇ.

ಕುಲಗೋಡದ ಸೊಸೆಯೊಬ್ಬಳು ಹೆರಿಗೆಗೆ ಕೊಲ್ಹಾಪುರ ಕಡೆಯ ತವರಿಗೆ ಹೋದಳು ಅಂದ್ಕೊಳ್ಳಿ. ಚುಚ್ಚುಮದ್ದು ಇಲ್ಲಿ, ಹೆರಿಗೆ ಅಲ್ಲಿ. ಹೆಸರಿನ ಸ್ಪೆಲಿಂಗ್ ಇಲ್ಲೊಂದು, ಅಲ್ಲೊಂದು; ಫೋನ್ ನಂಬರ್ ಗಂಡಂದು. ಈ ಎರಡು ದಾಖಲೆ ಒಬ್ಬಳದ್ದೇ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ಆಭಾ ನಂಬರ್ ಕೊಡ್ತಿರೋದು ಇದಕ್ಕೇ. ಆದರೆ ನಂಬರ್ ಇದ್ದ ಮಾತ್ರಕ್ಕೆ ದಾಖಲೆ ಕೂಡೋದಿಲ್ಲ. ಇಂಜಿನಿಯರಿಂಗ್‌ನಲ್ಲಿ ನನಗೆ ಪ್ರೈಮರಿ ಕೀ ಅಂದ್ರೆ ಟೇಬಲ್ಲಿನ ಒಂದು ಕಾಲಂ. ಇಲ್ಲಿ ಅದು ತಪ್ಪಿದರೆ ಬಾಣಂತಿಯ ರಕ್ತಹೀನತೆ ಯಾರ ಕಣ್ಣಿಗೂ ಬೀಳಲ್ಲ.

ಓದಬೇಕಾ? ಓದಿ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಈ ವೃತ್ತಿಯನ್ನು ತನ್ನ ಪಟ್ಟಿಗೆ ಸೇರಿಸಿದೆ; ಕ್ಲಿನಿಕಲ್ ಕೋಡರ್ ಕೂಡ ಅದರಲ್ಲಿದ್ದಾರೆ. ಮಣಿಪಾಲದಲ್ಲಿ ಹೆಲ್ತ್ ಇನ್‌ಫರ್ಮೇಶನ್ ಮ್ಯಾನೇಜ್‌ಮೆಂಟ್ ಕಲಿಸ್ತಾರೆ. ನಿಮ್ಹಾನ್ಸ್ ಜೊತೆ ಸೇರಿ ಬೆಂಗಳೂರಿನ ಐಐಐಟಿ ಕಟ್ಟಿದ ಇ-ಮಾನಸ್ ನೋಡಿ, ಕೋಡ್ ಬರೆಯೋರಿಗೂ ಇಲ್ಲಿ ಜಾಗ ಇದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳು ರಾನ್ಸಮ್‌ವೇರ್‌ಗೆ ಸಿಕ್ಕಿ ದಿನಗಟ್ಟಲೆ ಎಲ್ಲವೂ ಕಾಗದದ ಮೇಲೆ ನಡೀತು, ಹಾಗಾಗಿ ಸೆಕ್ಯುರಿಟಿ ಗೊತ್ತಿರೋರೂ ಬೇಕು.

ಆದರೆ ಬೆಂಗಳೂರಲ್ಲಿ ಫ್ರೆಶರ್‌ಗೆ ಸುಲಭವಾಗಿ ಸಿಗೋದು ಅಮೆರಿಕದ ಇನ್ಶೂರೆನ್ಸ್ ಬಿಲ್ಲಿಗೆ ಕೋಡ್ ಹಾಕೋ ನೈಟ್ ಶಿಫ್ಟ್. ಸರ್ಕಾರದ ಕಡೆ ಬಂದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ. ಅಡ್ಮಿಷನ್‌ಗೆ ಮುಂಚೆ ಕಾಲೇಜಿಗೆ ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ ಅಂತ ಕೇಳಿ. ಓಟು ಕೇಳೋಕೆ ಬಂದವರಿಗೆ ಮೂಡಲಗಿ ತಾಲೂಕಿಗೆ ಇಂಥ ಒಂದು ಕಾಯಂ ಹುದ್ದೆ ಯಾವಾಗ ಅಂತ ಕೇಳಿ.