ಸೀಟು ಸಿಕ್ಕೀತೇ ಎಂಬ ಪ್ರಶ್ನೆಗೆ

ಪ್ರತಿ ವರ್ಷ ಹತ್ತನೆಯ ವರ್ಗದ ಫಲಿತಾಂಶವು ಹೊರಬಿದ್ದ ವಾರದಲ್ಲಿ ನಮ್ಮ ಕಚೇರಿಗೆ ಬರುವ ಪಾಲಕರ ಪ್ರಶ್ನೆಯು ಬಹುಮಟ್ಟಿಗೆ ಒಂದೇ ಆಗಿರುವದು: "ಅಕ್ಕೋರ, ನಮ್ಮ ಹುಡುಗಿಗೆ ಮುಂದ ಸೀಟು ಸಿಗತೈತೋ ಇಲ್ಲೋ ಹೇಳ್ರಿ." ಸೀಟೆಂದರೆ ವೈದ್ಯಕೀಯದ್ದು, ಇಲ್ಲವೆ ಇಂಜಿನಿಯರಿಂಗಿನದು. ಹುಡುಗಿಗೆ ಹದಿನಾರು ವರ್ಷ. ಆ ಪರೀಕ್ಷೆಗಳಿಗೆ ಇನ್ನೂ ಎರಡು ವರ್ಷ. ಕೇಳುವದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಅಂದಾಜನ್ನು ಯಾವಾಗ ಮಾಡಬೇಕು, ಯಾವ ಅಳತೆಗೋಲಿನಿಂದ ಮಾಡಬೇಕು ಎಂಬ ವಿಷಯದಲ್ಲಿ ನಮಗೆ ಹೇಳುವದಿದೆ.

ಗಂಡುಮಗನ ವಿಷಯದಲ್ಲಿ ಅಂದಾಜು ಅಂದಾಜಾಗಿಯೇ ಉಳಿಯುವದು. "ನೋಡೋಣ, ಬರೆಯಲಿ" ಎನ್ನುವರು. ಮಗಳ ವಿಷಯದಲ್ಲಿ ಅದೇ ಅಂದಾಜು ಮನೆಯ ಅಪ್ಪಣೆಯಾಗಿ ಮಾರ್ಪಡುವದು. "ಹೇಗೂ ಸಿಗಲಿಕ್ಕಿಲ್ಲ, ವಿಜ್ಞಾನವೇಕೆ?" ಎಂದು ಅವಳನ್ನು ಬೇರೆ ವಿಭಾಗಕ್ಕೆ ಸೇರಿಸುವರು, ಅಲ್ಲಿಂದ ವೈದ್ಯಕೀಯದತ್ತ ಹಿಂದಿರುಗುವ ಹಾದಿಯು ಬಹು ದುರ್ಗಮ. ಕಲಾ ಮತ್ತು ವಾಣಿಜ್ಯ ವಿಭಾಗಗಳು ಕೀಳೆಂದು ನಾವು ಎಂದೂ ಹೇಳುವವರಲ್ಲ. ಕಾನೂನಿನ ಐದು ವರ್ಷದ ಅಭ್ಯಾಸಕ್ಕೆ ಯಾವ ವಿಭಾಗದಿಂದಲಾದರೂ ಹೋಗಬಹುದು; ರಾಜ್ಯದ ಕಾನೂನು ವಿಶ್ವವಿದ್ಯಾಲಯವು ನಮ್ಮ ಹುಬ್ಬಳ್ಳಿಯ ನವನಗರದಲ್ಲಿಯೇ ಇದೆ. ಒಲಿದು ಆರಿಸಿಕೊಂಡವಳು ಸುಖವಾಗಿ ಕಲಿಯುವಳು. ಆದರೆ ಜೀವಶಾಸ್ತ್ರವನ್ನೂ ಗಣಿತವನ್ನೂ ಬಯಸಿದ ಹುಡುಗಿಯು ಭೌತ, ರಸಾಯನಗಳೊಡನೆ ಅವೆರಡನ್ನೂ ಓದಿದರೆ ಎರಡು ಬಾಗಿಲುಗಳೂ ಎರಡು ವರ್ಷ ತೆರೆದಿರುವವು. ಹತ್ತನೆಯ ವರ್ಗದ ಮಾರ್ಕುಪಟ್ಟಿಯನ್ನು ನೋಡಿ ಅವನ್ನು ಮುಚ್ಚುವ ಅಧಿಕಾರವು ನಮಗೂ ಇಲ್ಲ, ನೆರೆಮನೆಯವರಿಗೂ ಇಲ್ಲ.

ಇನ್ನು ಅಳತೆಗೋಲಿನ ಮಾತು. ಜನರು ಅಂಕಗಳಿಂದ ಅಳೆಯುವರು, ಅಳೆಯಬೇಕಾದದ್ದು ರ‍್ಯಾಂಕಿನಿಂದ. ವೈದ್ಯಕೀಯಕ್ಕೆ ನಡೆಯುವ ನೀಟ್ ಪರೀಕ್ಷೆಯ ಒಟ್ಟು ಅಂಕಗಳು ೭೨೦. ೨೦೨೪ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಂತೆ ೬೭ ಮಂದಿಗೆ ಪೂರ್ಣ ಅಂಕಗಳು ಬಂದಿದ್ದವು; ತಿದ್ದುಪಡಿಯಾದ ಮೇಲೆಯೂ ೧೭ ಮಂದಿ ಉಳಿದರು. ಮರುವರ್ಷ, ೨೦೨೫ರಲ್ಲಿ, ಇಡೀ ದೇಶಕ್ಕೆ ಮೊದಲಿಗನಾದವನಿಗೇ ಬಂದದ್ದು ೬೮೬. ಆರುನೂರು ಅಂಕಗಳು ಒಂದು ವರ್ಷ ಸಾಧಾರಣವೆನಿಸಿ, ಮರುವರ್ಷ ಅಪೂರ್ವವೆನಿಸಿದವು. ಹೀಗಿರಲು "ಅವರ ಮಗಳಿಗೆ ಇಷ್ಟು ಬಂದಿತ್ತು, ಆದರೂ ಸಿಗಲಿಲ್ಲ" ಎಂಬ ಓಣಿಯ ಮಾತಿನಿಂದ ನಿಮ್ಮ ಮಗಳ ಭವಿಷ್ಯವನ್ನು ತೂಗುವದು ಹೇಗೆ? ನಿಯಮಗಳೂ ಒಮ್ಮೊಮ್ಮೆ ಬದಲಾಗುವವು. ಇಂಜಿನಿಯರಿಂಗಿನ ಸಿಇಟಿ ರ‍್ಯಾಂಕಿಗೆ ಪಿ.ಯು. ಅಂಕಗಳದ್ದು ಅರ್ಧ ಪಾಲು, ಸಿಇಟಿ ಅಂಕಗಳದ್ದು ಅರ್ಧ ಪಾಲು; ಆದರೆ ೨೦೨೧ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಪಿ.ಯು. ಪರೀಕ್ಷೆಯೇ ನಡೆಯದೆ, ಸಿಇಟಿಯೊಂದನ್ನೇ ಲೆಕ್ಕಕ್ಕೆ ಹಿಡಿದರು. ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಕಳೆದ ವರ್ಷ ತಮ್ಮ ಪಂಗಡಕ್ಕೆ ಕಡೆಯ ಸೀಟು ಎಷ್ಟನೆಯ ರ‍್ಯಾಂಕಿಗೆ ಹೋಯಿತೆಂಬುದನ್ನು ಪರೀಕ್ಷಾ ಪ್ರಾಧಿಕಾರವು ತಾನೇ ಪ್ರಕಟಿಸುವದು. ಎರಡು ಮೂರು ವರ್ಷಗಳ ಆ ಪಟ್ಟಿಯನ್ನು ಕೂಡಿಸಿ ನೋಡಿದವರು ತಕ್ಕಮಟ್ಟಿನ ಅಂದಾಜಿಗೆ ಬರಬಹುದು. ಊರ ಚೌಕಗಳಲ್ಲಿ ನಿಲ್ಲಿಸಿದ ತರಬೇತಿ ಸಂಸ್ಥೆಗಳ ಫಲಕಗಳಿಂದ ಬರಲಾಗದು. ಅಲ್ಲಿ ಗೆದ್ದವರ ಚಿತ್ರಗಳಿರುವವು, ಕುಳಿತವರೆಷ್ಟು ಮಂದಿ ಎಂಬುದು ಇರುವದಿಲ್ಲ.

ಹತ್ತಿರ ದೂರಗಳ ಲೆಕ್ಕದಲ್ಲಿಯೂ ನಮ್ಮವರು ಮೋಸ ಹೋಗುವರು. ೨೦೧೬ರಲ್ಲಿ ಧಾರವಾಡಕ್ಕೆ ಐ.ಐ.ಟಿ. ಬಂದಿತು, ೨೦೨೩ರಲ್ಲಿ ಚಿಕ್ಕಮಲ್ಲಿಗವಾಡದ ಅದರ ಸ್ವಂತ ಕಟ್ಟಡಗಳು ಉದ್ಘಾಟನೆಗೊಂಡವು. "ನಮ್ಮೂರದ್ದೇ ಅಲ್ಲವೇ, ನಮ್ಮ ಮಕ್ಕಳಿಗೆ ಒಂದಿಷ್ಟು ಪಾಲು ಇದ್ದೀತು" ಎಂದು ಪಾಲಕರು ತಿಳಿದಿರುವರು. ಇಲ್ಲ, ಐ.ಐ.ಟಿ.ಗಳಲ್ಲಿ ಊರಿನವರಿಗಾಗಲಿ ರಾಜ್ಯದವರಿಗಾಗಲಿ ಬೇರೆ ಪಾಲಿಲ್ಲ. ಆದರೆ ಕರಾವಳಿಯ ಸುರತ್ಕಲ್ಲಿನ ಎನ್.ಐ.ಟಿ.ಯಲ್ಲಿ ಅರ್ಧದಷ್ಟು ಸೀಟುಗಳು ಕರ್ನಾಟಕದ ಮಕ್ಕಳಿಗೆಂದೇ ಇರುವವು. ಮೇಲಾಗಿ ೨೦೧೮ರಿಂದ ಈ ಎರಡೂ ಬಗೆಯ ಸಂಸ್ಥೆಗಳಲ್ಲಿ ಹುಡುಗಿಯರಿಗಾಗಿ ಹೆಚ್ಚುವರಿ ಸೀಟುಗಳನ್ನು ಕಲ್ಪಿಸಿರುವರು. ಆದಕಾರಣ ಧಾರವಾಡದ ಹುಡುಗಿಗೆ ಮನೆಯ ಮಗ್ಗುಲಿನ ಕಾಲೇಜಿಗಿಂತ ಘಟ್ಟದ ಕೆಳಗಿನ ಕಾಲೇಜಿನ ಬಾಗಿಲೇ ಹೆಚ್ಚು ಅಗಲವಾಗಿರುವದು. ಮನೆಯಲ್ಲಿಯಾದರೋ ಮೊದಲು ಹೊಡೆದುಹಾಕುವ ಹೆಸರು ಅದೇ: "ಅಷ್ಟು ದೂರ ಒಬ್ಬಳೇ ಹೇಗೆ ಇರುವಳು?" ವಸತಿಗೃಹದ ವಿಚಾರ ಮಾಡಿರಿ, ಖರ್ಚಿನ ವಿಚಾರ ಮಾಡಿರಿ, ಹೋಗಿ ಕಣ್ಣಾರೆ ನೋಡಿ ಬನ್ನಿರಿ, ಅದು ತಾಯ್ತಂದೆಗಳ ಧರ್ಮ. ಆದರೆ ಕಳಿಸಲು ಮನಸ್ಸಿಲ್ಲದಿದ್ದರೆ ಮನಸ್ಸಿಲ್ಲವೆಂದೇ ಹೇಳಿರಿ. "ನಿನಗೆ ಸಿಗುವದಿಲ್ಲ" ಎಂದು ಮಗಳ ಬುದ್ಧಿಯ ಮೇಲೆ ಹೊರೆ ಹಾಕಬೇಡಿರಿ.

ಧಾರವಾಡವು ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ ಹೀಗಿರಲಿಲ್ಲ. ಆಗ ಅಡ್ಡಗೋಡೆಯು ನಿಯಮದಲ್ಲಿಯೇ ಇದ್ದಿತು. ಅದೇ ಇಲಾಖೆಯ ಕಾರ್ನೀಲಿಯಾ ಸೊರಾಬ್ಜಿಯು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಪದವಿ ಪರೀಕ್ಷೆಯಲ್ಲಿ ಮೊದಲ ಸಾಲಿನಲ್ಲಿ ತೇರ್ಗಡೆಯಾದರೂ, ಇಂಗ್ಲೆಂಡಿನ ಸರಕಾರಿ ವಿದ್ಯಾರ್ಥಿವೇತನವು ಹೆಣ್ಣೆಂಬ ಕಾರಣದಿಂದಲೇ ಆಕೆಗೆ ದೊರೆಯಲಿಲ್ಲ. ಹಿತೈಷಿಗಳ ನೆರವಿನಿಂದ ೧೮೮೯ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ೧೮೯೨ರಲ್ಲಿ ಅಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತ ಮೊದಲ ಹೆಣ್ಣುಮಗಳಾದಳು. ನಿಯಮವು ಕಟ್ಟಿದ್ದ ಗೋಡೆಯನ್ನು ನಿಯಮವೇ ಕೆಡವಿದ ಮೇಲೆ ಅದನ್ನು ಪಡಸಾಲೆಯಲ್ಲಿ ಮತ್ತೆ ಕಟ್ಟುವದೇಕೆ?

ಸಿಇಟಿಯ ಆಯ್ಕೆಪಟ್ಟಿಯನ್ನು ತುಂಬುವ ರೀತಿಯನ್ನೂ ಹೇಳಿಬಿಡುವೆವು, ಏಕೆಂದರೆ ಇಲ್ಲಿ ಹೆದರಿಕೆಯು ಬಹಳ. ಸಿಗದಂಥ ಕಾಲೇಜನ್ನು ಮೊದಲು ಬರೆದರೆ ಸಿಗುವಂಥದೂ ಕೈತಪ್ಪೀತೆಂದು ಹಲವರು ನಂಬಿರುವರು. ಹಾಗಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು, ರ‍್ಯಾಂಕಿಗೆ ಎಟಕುವ ಮೊದಲನೆಯದನ್ನೇ ಕೊಡುವರು. ಮೇಲಿನದು ಎಟಕದಿದ್ದರೆ ಕೆಳಗಿನದಕ್ಕೆ ಎಳ್ಳಷ್ಟೂ ಬಾಧೆಯಿಲ್ಲ. ಆದ್ದರಿಂದ ಹುಡುಗಿಯ ಇಚ್ಛೆಯ ಕ್ರಮದಲ್ಲಿಯೇ ಬರೆಯಿರಿ, ಉದ್ದವಾಗಿ ಬರೆಯಿರಿ. ಸೇರಲು ಮನಸ್ಸಿಲ್ಲದ್ದನ್ನು ಮಾತ್ರ ಬರೆಯಬೇಡಿರಿ. ಮೊದಲು ತೋರಿಸುವ ಅಣಕು ಹಂಚಿಕೆಯನ್ನು ನೋಡಿ ಪಟ್ಟಿಯನ್ನು ತಿದ್ದಿಕೊಳ್ಳಬಹುದು. ಅದು ವಾಗ್ದಾನವಲ್ಲ, ಸಿಹಿ ಹಂಚುವದಕ್ಕೆ ಅವಸರ ಬೇಡ.

ಪ್ರಮಾಣಪತ್ರಗಳ ಬಗ್ಗೆ ಒಂದು ಮಾತು. ಒಂದರಿಂದ ಹತ್ತನೆಯ ವರ್ಗದವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ರಾಜ್ಯದ ಸೀಟುಗಳಲ್ಲಿ ಶೇಕಡಾ ೫, ಗ್ರಾಮೀಣ ಶಾಲೆಗಳಲ್ಲಿ ಕಲಿತವರಿಗೆ ಶೇಕಡಾ ೧೫ ಮೀಸಲು. ಎರಡನೆಯದಕ್ಕೆ ನೋಡುವದು ಮನೆಯಿದ್ದ ಹಳ್ಳಿಯನ್ನಲ್ಲ, ಹತ್ತು ವರ್ಷ ಕಲಿತ ಶಾಲೆಯಿದ್ದ ಸ್ಥಳವನ್ನು. ಆದಕಾರಣ ಎಂಟನೆಯ ವರ್ಗಕ್ಕೆ ಹಳ್ಳಿಯಿಂದ ನಮ್ಮಲ್ಲಿಗೆ ಬಂದ ಹುಡುಗಿಯರಿಗೆ ಗ್ರಾಮೀಣ ಪಾಲು ದೊರೆಯದು. ಇದನ್ನು ಸೇರಿಸುವ ದಿನವೇ ಪಾಲಕರಿಗೆ ತಿಳಿಸುತ್ತಿರುವೆವು. ಕನ್ನಡ ಮಾಧ್ಯಮದ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕಾಗುವದರಿಂದ, ಹಳೆಯ ವಿದ್ಯಾರ್ಥಿನಿಯರು ಅರ್ಜಿಯ ಕಡೆಯ ವಾರದ ವರೆಗೆ ಕಾಯದೆ, ಪ್ರಾಥಮಿಕ ಶಾಲೆಯ ದಾಖಲೆಯೊಡನೆ ಮೊದಲೇ ಬಂದು ಬರೆಯಿಸಿಕೊಂಡು ಹೋಗಬೇಕು.